ನಿನ್ನೆ ಚೆನ್ನಾಗಿದ್ದವರು ಇವತ್ತು ಏಳುವುದಿಲ್ಲ: ಬಳಲಿಕೆಯ ಕಾಯಿಲೆಯನ್ನು ಒಂದು ಹಳ್ಳಿ ಗುರುತಿಸಿದ ಕಥೆ

ನಾಲ್ಕನೇ ಜ್ವರ ಎದ್ದ ರೇಷ್ಮೆ ಹುಳುವಿಗೆ ಹಗಲು ರಾತ್ರಿಯ ಗೊಡವೆ ಇಲ್ಲ. ಹುಳು ಪೊರೆ ಬಿಡುವುದನ್ನು ನಮ್ಮ ಕಡೆ ಜ್ವರ ಅನ್ನುತ್ತಾರೆ. ಒಂದು ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಮುಕ್ಕಾಲಿಗೂ ಹೆಚ್ಚು ಆಮೇಲಿನ ಏಳೆಂಟು ದಿನದಲ್ಲೇ ಮುಗಿದುಹೋಗುತ್ತದೆ. ಶಿಡ್ಲಘಟ್ಟ ತಾಲ್ಲೂಕಿನಲ್ಲಿರುವ ನಮ್ಮ ದೊಡ್ಡಮ್ಮನ ಮನೆಯಲ್ಲಿ ಆ ದಿನಗಳ ಕೆಲಸ ಬಹುಪಾಲು ಅತ್ತಿಗೆಯದು. ಬೆಳಗಿನ ಜಾವ ತೋಟಕ್ಕೆ ಹೋಗಿ ಕಡ್ಡಿ ಸಮೇತ ಸೊಪ್ಪು ಕುಯ್ದು, ಹೊರೆ ಕಟ್ಟಿ ತಂದು, ಹುಳು ಮನೆಯಲ್ಲಿ ಸಾಲಾಗಿ ಹಾಸಿ, ಮತ್ತೆ ಮನೆ ಕೆಲಸಕ್ಕೆ ನಿಲ್ಲುತ್ತಿದ್ದರು.

2024ರ ಮಳೆಗಾಲದಲ್ಲಿ ಅವರಿಗೆ ಡೆಂಗಿ ಬಂತು. ಆ ವರ್ಷ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದೇ ಘೋಷಿಸಿತ್ತು. ಅತ್ತಿಗೆಗೆ ವಾರದಲ್ಲಿ ಜ್ವರ ಬಿಟ್ಟಿತು, ಪ್ಲೇಟ್‌ಲೆಟ್ ಮೇಲೆ ಬಂತು, ಮನೆಗೂ ಬಂದರು. ಹದಿನೈದು ದಿನದಲ್ಲಿ ಸರಿಹೋಗುತ್ತದೆ ಅಂದುಕೊಂಡೆವು. ಯುಗಾದಿ ಬಂದರೂ ಸರಿಹೋಗಲಿಲ್ಲ.

ಒಂದು ದಿನ ನಾನು ಅಲ್ಲೇ ಇದ್ದೆ. ಅವತ್ತು ಅತ್ತಿಗೆ ಗೆಲುವಾಗಿದ್ದರು. ಎರಡು ಗಂಟೆ ಸೊಪ್ಪು ಕುಯ್ದರು, ಸಂಜೆ ಮುದ್ದೆ ತಿರುವಿದರು, ಊಟಕ್ಕೆ ಕೂತು ನಕ್ಕರು. ಮಾರನೇ ದಿನ ಮಧ್ಯಾಹ್ನದ ಹೊತ್ತಿಗೆ ಗಂಟಲು ನೋವು ಶುರುವಾಯಿತು, ಮೈಯೆಲ್ಲ ಕಾದ ಹಾಗಾಯಿತು. ಅದರ ಮಾರನೇ ದಿನ ತಲೆ ಬಾಚಿಕೊಳ್ಳಲು ಕೈ ಎತ್ತಿದವರು ಅರ್ಧಕ್ಕೇ ಇಳಿಸಿಬಿಟ್ಟರು. ಸಾರಿಗೆ ಉಪ್ಪು ಕಮ್ಮಿ ಅನ್ನಲು ಹೋಗಿ "ಅದು… ಬಿಳೀದು…" ಎಂದು ಮಾತು ಹುಡುಕುತ್ತಾ ಸುಮ್ಮನಾದರು. ದೊಡ್ಡಮ್ಮ ಕೆಟ್ಟವರಲ್ಲ, ಆದರೂ ಬಾಯಿಂದ ಬಂದೇ ಬಂತು: "ಮೊನ್ನೆ ಅಷ್ಟು ಸೊಪ್ಪು ಕುಯ್ದವಳು ಇವತ್ತು ತಲೆ ಬಾಚ್ಕೊಳ್ಳಕ್ಕೂ ಆಗಲ್ಲ ಅಂದ್ರೆ ಹೆಂಗಮ್ಮಾ?"

ಆ ಪ್ರಶ್ನೆಗೆ ಉತ್ತರ ಇದೆ. ವೈದ್ಯರು ಅದನ್ನು ಕಂಡುಕೊಳ್ಳಲು ಹಲವು ದಶಕಗಳೇ ಹಿಡಿದವು. ಅದರಲ್ಲಿ ದೊಡ್ಡ ಪಾಲು ಸಾವಿರ ಜನರೂ ಇಲ್ಲದ ಒಂದು ಹಳ್ಳಿಯದು.

ಸುಸ್ತು ಬೇರೆ, ಈ ಕಾಯಿಲೆ ಬೇರೆ

ನಮ್ಮಲ್ಲಿ ಸುಸ್ತು ಎನ್ನುವ ಒಂದೇ ಪದ ಹತ್ತು ಕೆಲಸ ಮಾಡುತ್ತದೆ. ಬಿಸಿಲಲ್ಲಿ ಟೊಮೆಟೊ ಬಿಡಿಸಿ ಬಂದರೂ ಸುಸ್ತು, ರಕ್ತ ಕಮ್ಮಿಯಾದರೂ ಸುಸ್ತು, ಸಕ್ಕರೆ ಕಾಯಿಲೆಗೂ ಸುಸ್ತು, ಮನಸ್ಸು ಕುಗ್ಗಿದರೂ ಸುಸ್ತು. ಕೆಲಸದ ಸುಸ್ತು ಒಂದು ರಾತ್ರಿಯ ನಿದ್ದೆಗೆ ಹೋಗುತ್ತದೆ. ರಕ್ತಹೀನತೆಯ ಸುಸ್ತು ಕಾರಣಕ್ಕೆ ಮದ್ದು ಮಾಡಿದರೆ ನಿಧಾನವಾಗಿ ಇಳಿಯುತ್ತದೆ.

ಇಲ್ಲಿ ಹೇಳುತ್ತಿರುವುದು ಇವೆರಡೂ ಅಲ್ಲ. ವೈದ್ಯರು ಇದನ್ನು ಎಂಇ/ಸಿಎಫ್‌ಎಸ್ ಎನ್ನುತ್ತಾರೆ. ಮಯಾಲ್ಜಿಕ್ ಎನ್ಸೆಫಲೋಮೈಲೈಟಿಸ್ ಮತ್ತು ಕ್ರಾನಿಕ್ ಫಟೀಗ್ ಸಿಂಡ್ರೋಮ್ ಎಂಬ ಎರಡು ಹೆಸರುಗಳನ್ನು ಕೂಡಿಸಿ ಮಾಡಿದ್ದು ಅದು. ಎರಡು ಹೆಸರು ಯಾಕೆ ಎನ್ನುವುದಕ್ಕೂ ಒಂದು ಕಥೆ ಇದೆ, ಮುಂದೆ ಬರುತ್ತದೆ. ಕನ್ನಡದಲ್ಲಿ ದೀರ್ಘಕಾಲದ ಬಳಲಿಕೆ ಕಾಯಿಲೆ ಎನ್ನಬಹುದು.

ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2015ರಲ್ಲಿ ಇದನ್ನು ಗುರುತಿಸುವ ಸರಳ ಅಳತೆಗೋಲು ಕೊಟ್ಟಿತು. ಮೂರು ಲಕ್ಷಣ ಇರಲೇಬೇಕು. ಮೊದಲನೆಯದು, ಮೊದಲು ಮಾಡುತ್ತಿದ್ದ ಕೆಲಸವನ್ನು ಆರು ತಿಂಗಳಿಗೂ ಮೀರಿ ಮಾಡಲಾಗದಂಥ ಬಳಲಿಕೆ. ಅದು ಹೊಸದಾಗಿ ಶುರುವಾದದ್ದಿರಬೇಕು, ವಿಶ್ರಾಂತಿಯಿಂದ ಅಷ್ಟಾಗಿ ಕಡಿಮೆಯಾಗಬಾರದು. ಎರಡನೆಯದು, ದುಡಿದ ಮೇಲೆ ಎಲ್ಲ ಲಕ್ಷಣಗಳೂ ಉಲ್ಬಣಿಸುವುದು. ಮೂರನೆಯದು, ಎಷ್ಟು ಮಲಗಿದರೂ ನಿದ್ದೆಯಾದ ಹಾಗೆ ಅನ್ನಿಸದಿರುವುದು. ಇವುಗಳ ಜೊತೆಗೆ ಇನ್ನೆರಡರಲ್ಲಿ ಒಂದಾದರೂ ಇರಬೇಕು: ಮಾತು, ಲೆಕ್ಕ, ನೆನಪು ಮಂಜು ಕವಿದ ಹಾಗಾಗುವುದು, ಇಲ್ಲವೇ ನಿಂತುಕೊಂಡರೆ ತಲೆ ತಿರುಗಿ, ಎದೆ ಹೊಡೆದುಕೊಂಡು, ಮಲಗಿದರೆ ತಗ್ಗುವುದು. ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ಹತ್ತು ನಿಮಿಷ ನಿಲ್ಲಲಾಗದೆ ಜಗಲಿ ಹುಡುಕುವವರನ್ನು ನೀವೂ ನೋಡಿರಬಹುದು.

ಬೋರ್‌ವೆಲ್ ಗ್ಯಾಪ್ ಹೊಡೆಯುವ ಹಾಗೆ

ಎರಡನೆಯ ಲಕ್ಷಣವೇ ಈ ಕಾಯಿಲೆಯ ಗುರುತು. ದುಡಿದ ತಕ್ಷಣ ಸೋಲುವುದಲ್ಲ. ಸಾಮಾನ್ಯವಾಗಿ 12ರಿಂದ 48 ಗಂಟೆ ಬಿಟ್ಟು ಸೋಲು ಬರುತ್ತದೆ. ಬಂದರೆ ಒಂದು ದಿನ, ಒಂದು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ ನಿಲ್ಲುತ್ತದೆ. ಮೈಕೆಲಸವೇ ಆಗಬೇಕೆಂದಿಲ್ಲ. ಮದುವೆ ಮನೆಯ ಗದ್ದಲ, ಬ್ಯಾಂಕಿನಲ್ಲಿ ಅರ್ಜಿ ತುಂಬುವುದು, ಒಂದು ಜಗಳ, ಒಂದು ಸಾವಿನ ಸುದ್ದಿ, ಇಷ್ಟೂ ಸಾಕಾಗಬಹುದು. ಜನ ತಪ್ಪು ತಿಳಿಯುವುದು ಈ ಅಂತರದಿಂದಲೇ. ಮದುವೆಯಲ್ಲಿ ಓಡಾಡಿದ್ದನ್ನು ಊರೆಲ್ಲ ನೋಡುತ್ತದೆ, ಎರಡು ದಿನದ ಮೇಲೆ ಹಾಸಿಗೆ ಹಿಡಿದದ್ದನ್ನು ಮನೆಯವರು ಮಾತ್ರ ನೋಡುತ್ತಾರೆ.

ಚಿಕ್ಕಬಳ್ಳಾಪುರ, ಕೋಲಾರದವರಿಗೆ ಇದನ್ನು ಬೋರ್‌ವೆಲ್ ಇಟ್ಟುಕೊಂಡು ಹೇಳಿದರೆ ಬೇಗ ಅರ್ಥವಾಗುತ್ತದೆ. ಸಾವಿರ ಅಡಿ ಮೀರಿದ ಬೋರ್‌ವೆಲ್ ಬತ್ತಲು ಶುರುವಾದಾಗ ಒಂದೇ ಸಲ ಬತ್ತುವುದಿಲ್ಲ, ಗ್ಯಾಪ್ ಹೊಡೆಯುತ್ತದೆ. ಇಪ್ಪತ್ತು ನಿಮಿಷ ನೀರು ಜೋರಾಗಿಯೇ ಬರುತ್ತದೆ, ಆಮೇಲೆ ಬರೀ ಗಾಳಿ. ನಾಲ್ಕು ಗಂಟೆ ನಿಲ್ಲಿಸಿದರೆ ಒಳಗಿನ ಸಂದುಗಳಿಂದ ಊಟೆ ಸೇರಿ ಮತ್ತೆ ಇಪ್ಪತ್ತು ನಿಮಿಷ. ನೀರು ಬರುತ್ತದಲ್ಲ ಎಂದು ಮೋಟರ್ ಓಡಿಸುತ್ತಲೇ ಹೋದರೆ ಮೋಟರೇ ಸುಡುತ್ತದೆ. ಹೊಸದಾಗಿ ನೋಡುವವನು ಆ ಮೊದಲ ಇಪ್ಪತ್ತು ನಿಮಿಷ ನೋಡಿ "ಚೆನ್ನಾಗೇ ಇದೆಯಲ್ಲ, ಎರಡಿಂಚು ನೀರು" ಎಂದು ಹೊರಟುಹೋಗುತ್ತಾನೆ. ಆರೋಗ್ಯವಂತರ ದೇಹ ತುಂಬಿದ ಕೆರೆಯ ಪಕ್ಕದ ಬಾವಿ, ಎಷ್ಟು ಸೇದಿದರೂ ಬೆಳಗಾಗುವಷ್ಟರಲ್ಲಿ ತುಂಬಿಕೊಳ್ಳುತ್ತದೆ.

ವಿಜ್ಞಾನಿಗಳೂ ಹೆಚ್ಚುಕಡಿಮೆ ಇದೇ ರೀತಿ ಅಳೆದಿದ್ದಾರೆ. ಸೈಕಲ್ ತುಳಿಸಿ ದೇಹ ಎಷ್ಟು ಆಮ್ಲಜನಕ ಬಳಸುತ್ತದೆ ಎಂದು ನೋಡುವ ಪರೀಕ್ಷೆ ಇದೆ. ಒಂದು ದಿನ ಮಾತ್ರ ಮಾಡಿದರೆ ಎಷ್ಟೋ ರೋಗಿಗಳು ಬೇರೆಯವರ ಹಾಗೇ ಕಾಣುತ್ತಾರೆ. ಅದನ್ನೇ 24 ಗಂಟೆ ಬಿಟ್ಟು ಮತ್ತೆ ಮಾಡಿಸಿದ ಹಲವು ಅಧ್ಯಯನಗಳಲ್ಲಿ ಈ ರೋಗಿಗಳ ಸಾಮರ್ಥ್ಯ ಎರಡನೇ ದಿನ ಇಳಿದಿರುವುದು ಕಂಡಿದೆ. ಆರೋಗ್ಯವಂತರು ಎರಡೂ ದಿನ ಸುಮಾರಾಗಿ ಒಂದೇ ಥರ ತುಳಿಯುತ್ತಾರೆ. ಕಾಯಿಲೆ ಎರಡನೇ ದಿನದಲ್ಲಿತ್ತು. ಎಲ್ಲರೂ ಮೊದಲನೇ ದಿನವನ್ನೇ ನೋಡುತ್ತಿದ್ದರು.

ಮೊದಲು ಬಿದ್ದವರು ನರ್ಸುಗಳು

ಇಂಥ ರೋಗ ಗುಂಪಾಗಿ ಬಂದದ್ದರ ಮೊದಲ ದಾಖಲೆಗಳಲ್ಲಿ ಒಂದು 1934ರದ್ದು. ಲಾಸ್ ಏಂಜಲೀಸಿನಲ್ಲಿ ಪೋಲಿಯೋ ಹರಡಿದ್ದ ಕಾಲ. ಅಲ್ಲಿನ ಕೌಂಟಿ ಆಸ್ಪತ್ರೆಯ 198 ಮಂದಿ ಸಿಬ್ಬಂದಿ ಕಾಯಿಲೆ ಬಿದ್ದರು. ಪೋಲಿಯೋ ಎನ್ನೋಣವೆಂದರೆ ಪಾರ್ಶ್ವವಾಯು ಆಗುತ್ತಿರಲಿಲ್ಲ, ಆದರೆ ಸ್ನಾಯು ನೋವು, ಬಳಲಿಕೆ, ಮರೆವು ಬಿಡುತ್ತಲೂ ಇರಲಿಲ್ಲ. 1948ರ ಚಳಿಗಾಲದಲ್ಲಿ ಐಸ್‌ಲ್ಯಾಂಡಿನ ಅಕುರೇರಿ ಎಂಬ ಊರಿನಲ್ಲಿ ನೂರಾರು ಮಂದಿಗೆ ಇಂಥದೇ ಕಾಯಿಲೆ ಬಂತು. ಊರಿನ ಹೆಸರೇ ಕಾಯಿಲೆಯ ಹೆಸರಾಯಿತು.

1955ರ ಜುಲೈನಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಸರದಿ. ನವೆಂಬರ್ ಮುಗಿಯುವುದರೊಳಗೆ 292 ಸಿಬ್ಬಂದಿಗೆ ಕಾಯಿಲೆಯಾಗಿ, ಆಸ್ಪತ್ರೆಯನ್ನೇ ಜುಲೈ ಕೊನೆಯಿಂದ ಅಕ್ಟೋಬರ್‌ವರೆಗೆ ಮುಚ್ಚಬೇಕಾಯಿತು. ಆಗಲೇ ಅಲ್ಲಿ ದಾಖಲಾಗಿದ್ದ ರೋಗಿಗಳಲ್ಲಿ ಇದು ತಗುಲಿದ್ದು 12 ಜನಕ್ಕೆ ಮಾತ್ರ. ಅಲ್ಲಿನ ಸೋಂಕು ರೋಗ ತಜ್ಞ ಮೆಲ್ವಿನ್ ರ‍್ಯಾಮ್ಸೆ ಈ ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು. ಮಯಾಲ್ಜಿಕ್ ಎನ್ಸೆಫಲೋಮೈಲೈಟಿಸ್ ಎಂಬ ಹೆಸರು 1956ರಲ್ಲಿ ಬಳಕೆಗೆ ಬಂತು. ಬಿಡಿಸಿ ಹೇಳಿದರೆ ಸ್ನಾಯು ನೋವಿನೊಡನೆ ಮೆದುಳು ಮತ್ತು ಬೆನ್ನುಹುರಿಯ ಉರಿಯೂತ. 1969ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ನರಮಂಡಲದ ಕಾಯಿಲೆಗಳ ಪಟ್ಟಿಗೆ ಸೇರಿಸಿತು.

ಮರುವರ್ಷವೇ ದೊಡ್ಡ ಹೊಡೆತ ಬಿತ್ತು. 1970ರಲ್ಲಿ ಮೆಕೆವೆಡಿ ಮತ್ತು ಬಿಯರ್ಡ್ ಎಂಬ ಇಬ್ಬರು ಮನೋವೈದ್ಯರು ರಾಯಲ್ ಫ್ರೀಯ ಹಳೆಯ ಕಡತಗಳನ್ನು ಓದಿ, ಇದು ಸೋಂಕಲ್ಲ, ಸಾಮೂಹಿಕ ಉನ್ಮಾದ ಎಂದು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಕಾಯಿಲೆ ಬಿದ್ದವರಲ್ಲಿ ಹೆಂಗಸರೇ ಹೆಚ್ಚು ಎನ್ನುವುದನ್ನು ಅವರು ಕಾರಣಗಳಲ್ಲಿ ಒಂದಾಗಿ ಕೊಟ್ಟರು. ರೋಗಿಗಳನ್ನು ಅವರು ಮುಟ್ಟಿ ಪರೀಕ್ಷಿಸಿರಲಿಲ್ಲ. ಆ ಮಾತು ವೈದ್ಯರ ಮನಸ್ಸಿನಲ್ಲಿ ದಶಕಗಳ ಕಾಲ ಕೂತುಬಿಟ್ಟಿತು. ಹೆಂಗಸರ ಸುಸ್ತಿಗೆ ಮೈಗಳ್ಳತನ ಎನ್ನುವುದು ನಮ್ಮ ಹಳ್ಳಿಯ ಮಾತಷ್ಟೇ ಅಲ್ಲ. ದೊಡ್ಡ ದೊಡ್ಡ ಪತ್ರಿಕೆಗಳಲ್ಲೂ ಅದಕ್ಕೆ ಜಾಗ ಸಿಕ್ಕಿತ್ತು ಎಂದು ಓದಿದಾಗ ನನಗೆ ಅತ್ತಿಗೆಯ ಮುಖವೇ ಕಣ್ಣ ಮುಂದೆ ಬಂತು.

ಲಿಂಡನ್‌ವಿಲ್: ಸ್ಕೂಲಿಗೆ ಹೋಗದ ಮಕ್ಕಳು

ನ್ಯೂಯಾರ್ಕ್ ಎಂದರೆ ನಮಗೆ ಎತ್ತರದ ಕಟ್ಟಡಗಳು. ಆದರೆ ಅದೇ ಹೆಸರಿನ ರಾಜ್ಯದ ವಾಯವ್ಯ ತುದಿಯಲ್ಲಿ, ಒಂಟಾರಿಯೊ ಸರೋವರಕ್ಕೆ ಹತ್ತಿರ, ಸೇಬಿನ ತೋಟಗಳ ನಡುವೆ ಲಿಂಡನ್‌ವಿಲ್ ಎಂಬ ಹಳ್ಳಿ ಇದೆ. ಜನಸಂಖ್ಯೆ ಸಾವಿರಕ್ಕಿಂತ ಕಡಿಮೆ. ಡೇವಿಡ್ ಬೆಲ್ ಎಂಬ ಮಕ್ಕಳ ವೈದ್ಯರು ಅಲ್ಲಿ ಕ್ಲಿನಿಕ್ ನಡೆಸುತ್ತಿದ್ದರು. ಅವರ ಹೆಂಡತಿ ಕ್ಯಾರೆನ್ ಬೆಲ್ ಕೂಡ ವೈದ್ಯೆ, ಸೋಂಕು ರೋಗಗಳ ತಜ್ಞೆ.

1985ರ ಸುಮಾರಿಗೆ ಕ್ಲಿನಿಕ್ಕಿಗೆ ಮಕ್ಕಳು ಬರತೊಡಗಿದರು. ಮೊದಲು ಮಾಮೂಲಿ ಶೀತ ಜ್ವರದ ಹಾಗೆ ಗಂಟಲು ನೋವು, ತಲೆನೋವು, ಹೊಟ್ಟೆ ನೋವು, ಕುತ್ತಿಗೆಯಲ್ಲಿ ಗಂಟು. ಜ್ವರ ಹೋಯಿತು, ಮಕ್ಕಳು ಮಾತ್ರ ಏಳಲಿಲ್ಲ. ಆಟ ನಿಂತಿತು, ಓದಿದ್ದು ತಲೆಗೆ ಹತ್ತಲಿಲ್ಲ, ಸ್ಕೂಲಿಗೆ ಹೋದರೆ ಮಾರನೇ ದಿನ ಹಾಸಿಗೆ. ರಕ್ತ ಪರೀಕ್ಷೆಯಲ್ಲಿ ಏನೂ ಸಿಗುತ್ತಿರಲಿಲ್ಲ. ಸ್ಕೂಲಿಗೆ ಹೋಗಲು ಹೆದರುವ ಮಕ್ಕಳು ಎಂಬ ಹಣೆಪಟ್ಟಿ ಸುಲಭವಾಗಿ ಅಂಟುವ ಹಾಗಿತ್ತು. ಮುಂದಿನ ಎರಡು ಮೂರು ವರ್ಷಗಳಲ್ಲಿ ಆ ಊರು ಮತ್ತು ಸುತ್ತಲಿನ ಪ್ರದೇಶದಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿಗೆ ಈ ಲಕ್ಷಣಗಳು ಕಂಡವು. ಅವರಲ್ಲಿ ಸುಮಾರು 60 ಮಂದಿ ಮಕ್ಕಳು ಮತ್ತು ಹದಿಹರೆಯದವರು.

ದೊಡ್ಡ ಆಸ್ಪತ್ರೆಗೂ ಹಳ್ಳಿಯ ವೈದ್ಯರಿಗೂ ಇರುವ ವ್ಯತ್ಯಾಸ ಇಲ್ಲಿ ಕೆಲಸಕ್ಕೆ ಬಂತು. ದೊಡ್ಡ ಆಸ್ಪತ್ರೆಯ ತಜ್ಞರು ರೋಗಿಯನ್ನು ನೋಡುವುದೇ ಕಾಯಿಲೆ ಬಿದ್ದ ಮೇಲೆ. ಊರಿನ ಡಾಕ್ಟರಿಗೆ ಆ ಮಗು ಮೊದಲು ಹೇಗಿತ್ತು ಎನ್ನುವುದು ಗೊತ್ತು. ಅಣ್ಣ ತಂಗಿ ಇಬ್ಬರಿಗೂ, ತಾಯಿಗೂ ಒಂದೇ ಥರದ ತೊಂದರೆ ಎನ್ನುವುದೂ ಗೊತ್ತಾಗುತ್ತದೆ. ಚೆನ್ನಾಗಿ ಓದಿ ಆಡಿಕೊಂಡಿದ್ದ ಮಗು ಒಂದು ವಾರದಲ್ಲಿ ಬದಲಾದರೆ ಅದನ್ನು ಸೋಮಾರಿತನ ಎಂದು ಒಪ್ಪಲು ಅಂಥ ಡಾಕ್ಟರಿಗೆ ಮನಸ್ಸು ಬರುವುದಿಲ್ಲ.

ಬೆಲ್ ದಂಪತಿ ಮತ್ತು ಜೊತೆಗಾರರು ಆ ಮಕ್ಕಳನ್ನು ಊರಿನ ಬೇರೆ ಮಕ್ಕಳೊಂದಿಗೆ ಹೋಲಿಸಿ 1991ರಲ್ಲಿ ವರದಿ ಬರೆದರು. ಕಾಯಿಲೆ ಬಿದ್ದವರಲ್ಲಿ ಮೂರು ಸಂಗತಿ ಹೆಚ್ಚಾಗಿ ಕಂಡವು: ಮನೆಯಲ್ಲಿ ಇನ್ನೊಬ್ಬರಿಗೂ ಅದೇ ಲಕ್ಷಣ, ಅಲರ್ಜಿ ಅಥವಾ ಆಸ್ತಮಾದ ಇತಿಹಾಸ, ಮತ್ತು ಕಾಯಿಸದ ಹಾಲು ಕುಡಿದದ್ದು. ಹಾಲೇ ಕಾರಣ ಎಂದು ಇದರ ಅರ್ಥವಲ್ಲ. ಎರಡು ಸಂಗತಿ ಜೊತೆಯಲ್ಲಿ ಕಂಡ ಮಾತ್ರಕ್ಕೆ ಒಂದು ಇನ್ನೊಂದನ್ನು ತಂದಿತು ಎನ್ನಲಾಗುವುದಿಲ್ಲ. ಲಿಂಡನ್‌ವಿಲ್‌ಗೆ ಕಾಯಿಲೆ ತಂದ ರೋಗಾಣು ಯಾವುದೆಂದು ಕೊನೆಗೂ ಖಚಿತವಾಗಲಿಲ್ಲ.

ಬೆಲ್ ಮಾಡಿದ ದೊಡ್ಡ ಕೆಲಸ ಕಾರಣ ಹುಡುಕಿದ್ದಲ್ಲ, ಮಕ್ಕಳ ಬೆನ್ನು ಬಿಡದೆ ನೋಡಿದ್ದು. 13 ವರ್ಷಗಳ ನಂತರ ಆ ಮಕ್ಕಳಲ್ಲಿ 35 ಮಂದಿಯನ್ನು ಮತ್ತೆ ವಿಚಾರಿಸಿದರು. 13 ಮಂದಿ ಪೂರ್ತಿ ಗುಣವಾಯಿತು ಎಂದರು. 15 ಮಂದಿ ಚೆನ್ನಾಗಿದ್ದೇವೆ, ಆದರೆ ಕಾಯಿಲೆ ಪೂರ್ತಿ ಬಿಟ್ಟಿಲ್ಲ ಎಂದರು. ನಾಲ್ವರು ಕಾಯಿಲೆಯಲ್ಲೇ ಉಳಿದಿದ್ದರು, ಮೂವರು ಮೊದಲಿಗಿಂತ ಕೆಟ್ಟಿದ್ದರು. ಎಂಟು ಮಂದಿ ಎರಡು ವರ್ಷಕ್ಕೂ ಹೆಚ್ಚು ಸ್ಕೂಲು ಕಳೆದುಕೊಂಡಿದ್ದರು. ಸುಮಾರು 25 ವರ್ಷಗಳಾದ ಮೇಲೆ ಇನ್ನೊಮ್ಮೆ ನೋಡಿದಾಗ, ಗುಣವಾಗಿದೆ ಎಂದುಕೊಂಡವರಲ್ಲೂ ಆರೋಗ್ಯವಂತರಿಗಿಂತ ಹೆಚ್ಚು ತೊಂದರೆಗಳಿದ್ದವು. ಕಡಿಮೆ ಶಕ್ತಿಯಲ್ಲೇ ಬದುಕುವುದನ್ನು ಅಭ್ಯಾಸ ಮಾಡಿಕೊಂಡು ಅದನ್ನೇ ಆರೋಗ್ಯ ಎಂದುಕೊಂಡವರೂ ಅವರಲ್ಲಿ ಇದ್ದಿರಬಹುದು.

ಮಕ್ಕಳ ಕುರಿತ ಈ ಲೆಕ್ಕ ಓದಿ ಹೆದರಬೇಕಿಲ್ಲ. 35ರಲ್ಲಿ 28 ಮಂದಿ ಓಡಾಡಿಕೊಂಡು ಬದುಕು ನಡೆಸುವ ಮಟ್ಟಕ್ಕೆ ಬಂದರು ಎನ್ನುವುದೂ ಅದೇ ಲೆಕ್ಕದಲ್ಲಿದೆ. ದೊಡ್ಡವರಲ್ಲಿ ಪೂರ್ತಿ ಗುಣವಾಗುವವರ ಪ್ರಮಾಣ ಇದಕ್ಕಿಂತ ಕಡಿಮೆ.

ಹೆಸರು ಇಟ್ಟರು, ಹೆಸರೇ ಮುಳುವಾಯಿತು

ಹೆಚ್ಚುಕಡಿಮೆ ಅದೇ ಸಮಯದಲ್ಲಿ ನೆವಾಡ ರಾಜ್ಯದ ಟಾಹೋ ಸರೋವರದ ದಡದ ಇನ್‌ಕ್ಲೈನ್ ವಿಲೇಜ್‌ನಲ್ಲೂ ಕಾಯಿಲೆ ಗುಂಪಾಗಿ ಬಂದಿತ್ತು. ಡೇನಿಯಲ್ ಪೀಟರ್ಸನ್, ಪಾಲ್ ಚೇನಿ ಎಂಬ ಇಬ್ಬರು ವೈದ್ಯರು ಸರ್ಕಾರಕ್ಕೆ ತಿಳಿಸಿದರು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 1985ರಲ್ಲಿ ತನಿಖೆಗೆ ಜನ ಕಳಿಸಿತು. ಎಪ್‌ಸ್ಟೈನ್ ಬಾರ್ ಎಂಬ ವೈರಸ್ ಮೇಲೆ ಮೊದಲು ಅನುಮಾನವಿತ್ತು, ಆದರೆ ಎಲ್ಲ ರೋಗಿಗಳಿಗೂ ಅದು ಹೊಂದಲಿಲ್ಲ. ಪತ್ರಿಕೆಗಳು ಇದನ್ನು ಕೈತುಂಬ ಸಂಬಳದ ಪಟ್ಟಣದ ಯುವಕರ ಜ್ವರ ಎಂದು ಹಗುರವಾಗಿ ಕರೆದವು. ಲಿಂಡನ್‌ವಿಲ್‌ನ ಹಳ್ಳಿ ಮಕ್ಕಳಿಗೆ ಆ ಹೆಸರು ಯಾವ ದಿಕ್ಕಿನಿಂದಲೂ ಹೊಂದುವಂಥದ್ದಲ್ಲ.

1988ರಲ್ಲಿ ಅದೇ ಕೇಂದ್ರದ ತಜ್ಞರು ಕ್ರಾನಿಕ್ ಫಟೀಗ್ ಸಿಂಡ್ರೋಮ್ ಎಂಬ ಹೆಸರು ಕೊಟ್ಟು ಮೊದಲ ಲಕ್ಷಣಪಟ್ಟಿ ಮಾಡಿದರು. 1994ರಲ್ಲಿ ಅದನ್ನು ತಿದ್ದಿದರು. ಹೆಸರು ಸಿಕ್ಕಿದ್ದು ಒಳ್ಳೆಯದೇ. ಆದರೆ ಫಟೀಗ್ ಎಂದರೆ ಸುಸ್ತು, ಸುಸ್ತು ಯಾರಿಗಿಲ್ಲ? ಕೇಳಿದವರೆಲ್ಲ "ನಂಗೂ ಇದೆ" ಎನ್ನುವ ಹಾಗಾಯಿತು. 1994ರ ಪಟ್ಟಿಯಲ್ಲಿ, ಎಂಟು ಲಕ್ಷಣಗಳಲ್ಲಿ ಯಾವುದಾದರೂ ನಾಲ್ಕಿದ್ದರೆ ಸಾಕಿತ್ತು. ದುಡಿದ ಮೇಲೆ ಉಲ್ಬಣಿಸುವುದು ಆ ಎಂಟರಲ್ಲಿ ಒಂದು, ಕಡ್ಡಾಯವಾಗಿರಲಿಲ್ಲ. ಹೀಗಾಗಿ ಬೇರೆ ಬೇರೆ ಕಾಯಿಲೆಯವರು ಒಂದೇ ಹೆಸರಿನಡಿ ಸೇರಿಕೊಂಡರು. ರೋಗಿಗಳು ಹಳೆಯ ಹೆಸರನ್ನು ಬಿಡಲೊಪ್ಪದ್ದರಿಂದ ಎರಡನ್ನೂ ಜೋಡಿಸಿ ಬರೆಯುವ ರೂಢಿ ಬಂತು. ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್‌ನ 2015ರ ವರದಿ ಅಮೆರಿಕವೊಂದರಲ್ಲೇ 8.36 ಲಕ್ಷದಿಂದ 25 ಲಕ್ಷ ಜನರಿಗೆ ಈ ಕಾಯಿಲೆ ಇರಬಹುದು, ಅವರಲ್ಲಿ ಬಹುತೇಕರಿಗೆ ಅದು ಗೊತ್ತೇ ಇಲ್ಲ ಎಂದಿತು.

ಡಬ್ಬೋ ಊರಿನ ಉತ್ತರ

ನಮ್ಮ ಜಿಲ್ಲೆಗಳಿಗೆ ಇನ್ನೂ ಹತ್ತಿರವಾದ ಅಧ್ಯಯನ ಆಸ್ಟ್ರೇಲಿಯಾದ್ದು. ನ್ಯೂ ಸೌತ್ ವೇಲ್ಸ್ ರಾಜ್ಯದ ಒಳನಾಡಿನಲ್ಲಿ ಡಬ್ಬೋ ಎಂಬ ಕೃಷಿ, ಕುರಿ, ದನಗಳ ಊರಿದೆ. ಅಲ್ಲಿನ ಸಂಶೋಧಕರು ಜ್ವರ ಬಂದಾಗಿನಿಂದಲೇ 253 ಮಂದಿಯನ್ನು ಗಮನಿಸುತ್ತಾ ಹೋದರು. ಜ್ವರಗಳು ಮೂರು ಬಗೆ: ಎಪ್‌ಸ್ಟೈನ್ ಬಾರ್ ವೈರಸ್‌ನದು, ದನ ಕುರಿಗಳಿಂದ ಬರುವ ಕ್ಯೂ ಜ್ವರ, ಸೊಳ್ಳೆಯಿಂದ ಬರುವ ರಾಸ್ ರಿವರ್ ಜ್ವರ. ಆರು ತಿಂಗಳಾದ ಮೇಲೂ 29 ಮಂದಿ, ಅಂದರೆ ನೂರಕ್ಕೆ 12ರಷ್ಟು ಜನ, ಏಳಲಾರದ ಬಳಲಿಕೆಯಲ್ಲೇ ಇದ್ದರು. ಅವರಲ್ಲಿ 28 ಮಂದಿ ಈ ಕಾಯಿಲೆಯ ಅಂದಿನ ಅಳತೆಗೋಲಿಗೆ ಹೊಂದಿದರು. 2006ರಲ್ಲಿ ಪ್ರಕಟವಾದ ಈ ಅಧ್ಯಯನದ ಮುಖ್ಯ ಮಾತು ಇದು: ಯಾರು ಏಳಲಿಲ್ಲ ಎನ್ನುವುದನ್ನು ನಿರ್ಧರಿಸಿದ್ದು ಅವರ ಮನಸ್ಸಿನ ಸ್ವಭಾವವಲ್ಲ, ಮೊದಲ ಜ್ವರ ಎಷ್ಟು ತೀವ್ರವಾಗಿತ್ತು ಎನ್ನುವುದು. ಮೂರು ಬೇರೆ ರೋಗಾಣುಗಳೂ ಜನರನ್ನು ತಂದು ಬಿಟ್ಟದ್ದು ಒಂದೇ ಜಾಗಕ್ಕೆ.

ರಾಸ್ ರಿವರ್ ವೈರಸ್ಸು ನಮ್ಮ ಚಿಕೂನ್‌ಗುನ್ಯಾದ ದಾಯಾದಿ, ಒಂದೇ ಕುಲದ್ದು. ಡಬ್ಬೋ ಅಧ್ಯಯನ ಪ್ರಕಟವಾದ ಅದೇ 2006ರಲ್ಲಿ ಕರ್ನಾಟಕದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಚಿಕೂನ್‌ಗುನ್ಯಾ ಪ್ರಕರಣಗಳು ದಾಖಲಾದವು. ಆಗಿನ್ನೂ ಚಿಕ್ಕಬಳ್ಳಾಪುರ ಕೋಲಾರ ಜಿಲ್ಲೆಯೊಳಗೇ ಇತ್ತು, ಬೇರೆಯಾದದ್ದು 2007ರಲ್ಲಿ. ಊರಿಗೆ ಊರೇ ಗೋಡೆ ಹಿಡಿದು ನಡೆಯುತ್ತಿದ್ದುದು ನಮ್ಮ ವಯಸ್ಸಿನವರಿಗೆ ನೆನಪಿದೆ. ಚಿಕೂನ್‌ಗುನ್ಯಾದ ನಂತರ ಕೀಲು ನೋವು ಬಹಳ ಕಾಲ ಉಳಿಯುವುದುಂಟು, ಅದು ಬೇರೆಯೇ ತೊಂದರೆ, ಅದಕ್ಕೆ ಬೇರೆ ಚಿಕಿತ್ಸೆ ಇದೆ. "ಗುನ್ಯಾ ಬಂದ್ಮೇಲೆ ನಾನು ಮನುಷ್ಯ ಆಗ್ಲಿಲ್ಲ" ಎಂದು ಈಗಲೂ ಹೇಳುವವರಿದ್ದಾರೆ. ಅವರನ್ನೆಲ್ಲ ಒಂದೇ ಬುಟ್ಟಿಗೆ ಹಾಕದೆ, ಕೀಲು ನೋವು ಯಾರಿಗೆ, ಮಾರನೇ ದಿನದ ಕುಸಿತ ಯಾರಿಗೆ ಎಂದು ಬಿಡಿಸಿ ಕೇಳಬೇಕಾಗಿದೆ.

ಕೋವಿಡ್ ಬಂದ ಮೇಲೆ ಈ ಇಡೀ ವಿಷಯಕ್ಕೆ ಮತ್ತೆ ಬೆಳಕು ಬಿತ್ತು. ಕೋವಿಡ್ ಬಂದು ಮೂರು ತಿಂಗಳಾದರೂ ಏಳಲಾಗದವರ ಸ್ಥಿತಿಗೆ 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ವ್ಯಾಖ್ಯಾನ ಕೊಟ್ಟಿತು. ಅವರಲ್ಲಿ ಒಂದು ಪಾಲು ಜನರ ಲಕ್ಷಣಗಳು ಎಂಇ/ಸಿಎಫ್‌ಎಸ್‌ಗೆ ಪೂರ್ತಿ ಹೊಂದುತ್ತವೆ.

ಎದ್ದು ಓಡಾಡಿದರೆ ಸರಿಹೋಗುವುದೇ?

"ಮಲಗಿದಷ್ಟೂ ಮೈ ಜಡ್ಡುಗಟ್ಟುತ್ತೆ, ಎದ್ದು ಓಡಾಡು" ಎನ್ನುವುದು ಎಲ್ಲರ ಸಲಹೆ. ಬಹಳ ಕಾಯಿಲೆಗಳಲ್ಲಿ ಅದು ಸರಿಯೂ ಹೌದು. ಬ್ರಿಟನ್ನಿನಲ್ಲಿ 641 ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪೇಸ್ ಎಂಬ ಪ್ರಯೋಗ, ವ್ಯಾಯಾಮವನ್ನು ಹಂತಹಂತವಾಗಿ ಹೆಚ್ಚಿಸುವುದರಿಂದಲೂ ಮಾತಿನ ಚಿಕಿತ್ಸೆಯಿಂದಲೂ ರೋಗಿಗಳು ಸುಧಾರಿಸುತ್ತಾರೆ ಎಂದಿತು. ರೋಗಿಗಳು ಲೆಕ್ಕ ಕೇಳಿದರು. ಪ್ರಯೋಗ ನಡೆಸಿದ ವಿಶ್ವವಿದ್ಯಾಲಯ ಕೊಡಲಿಲ್ಲ. 2016ರಲ್ಲಿ ನ್ಯಾಯಮಂಡಳಿಯ ಆದೇಶದ ಮೇಲೆ ಅಂಕಿಅಂಶ ಹೊರಬಂತು. ಪ್ರಯೋಗಕ್ಕೆ ಸೇರಲು ದೇಹಶಕ್ತಿಯ ಅಂಕ ನೂರಕ್ಕೆ 65 ಅಥವಾ ಕಡಿಮೆ ಇರಬೇಕಿತ್ತು. ಗುಣವಾದರು ಎನ್ನಲು ಇಟ್ಟ ಷರತ್ತುಗಳಲ್ಲಿ ಅದೇ ಅಂಕ 60 ಇದ್ದರೂ ಸಾಕು ಎಂದಾಗಿತ್ತು. ಅಂದರೆ ಸೇರಿದಾಗಿನದಕ್ಕಿಂತ ಕೆಳಗಿಳಿದವರೂ ಆ ಷರತ್ತನ್ನು ದಾಟಬಹುದಿತ್ತು. ಮೊದಲು ಬರೆದಿಟ್ಟ ನಿಯಮದಂತೆ ಮತ್ತೆ ಲೆಕ್ಕ ಹಾಕಿದಾಗ ಗುಣವಾದವರ ಸಂಖ್ಯೆ ತೀರ ಇಳಿಯಿತು.

2021ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ನೈಸ್ ಸಂಸ್ಥೆ ತನ್ನ ಮಾರ್ಗಸೂಚಿಯನ್ನು ಬದಲಿಸಿ, ಹಂತಹಂತವಾಗಿ ಹೆಚ್ಚಿಸುವ ವ್ಯಾಯಾಮವನ್ನು ಈ ರೋಗಿಗಳಿಗೆ ಚಿಕಿತ್ಸೆಯಾಗಿ ಕೊಡಬಾರದು ಎಂದಿತು. ಈಗ ಹೇಳುವುದು ಶಕ್ತಿ ಅಳೆದು ಬಳಸುವುದನ್ನು: ಗ್ಯಾಪ್ ಹೊಡೆಯುವ ಬೋರ್‌ವೆಲ್ಲಿಗೆ ರೈತ ಟೈಮರ್ ಹಾಕುತ್ತಾನಲ್ಲ, ಹಾಗೆ. ನೀರು ನಿಲ್ಲುವ ಮುಂಚೆಯೇ ಮೋಟರ್ ನಿಲ್ಲಿಸಬೇಕು.

ಕಾಯಿಲೆಯನ್ನೇ ವಾಸಿ ಮಾಡುವ ಔಷಧ ಇನ್ನೂ ಇಲ್ಲ. ಒಂದೇ ರಕ್ತ ಪರೀಕ್ಷೆಯಿಂದ ಹೌದು ಅಲ್ಲ ಎನ್ನುವುದೂ ಸಾಧ್ಯವಿಲ್ಲ. 2025ರಲ್ಲಿ ಬ್ರಿಟನ್ನಿನ ಡಿಕೋಡ್ ಎಂಇ ಅಧ್ಯಯನ 15,579 ರೋಗಿಗಳ ಡಿಎನ್‌ಎ ನೋಡಿ, ಆರೋಗ್ಯವಂತರಿಗಿಂತ ಭಿನ್ನವಾದ ಎಂಟು ಜಾಗಗಳನ್ನು ಗುರುತಿಸಿದೆ. ಅವುಗಳಲ್ಲಿ ಕೆಲವು ರೋಗನಿರೋಧಕ ವ್ಯವಸ್ಥೆಗೆ, ಕೆಲವು ನರಮಂಡಲಕ್ಕೆ ಸಂಬಂಧಿಸಿದಂಥವು.

ನಮ್ಮೂರಲ್ಲಿ ಇದು ಕಣ್ಣಿಗೆ ಬೀಳುವುದು ಯಾಕೆ ಕಷ್ಟ

ಮೊದಲನೆಯದಾಗಿ, ಸುಸ್ತಿಗೆ ನಮ್ಮಲ್ಲಿ ಬೇರೆ ಕಾರಣಗಳು ಬೇಕಾದಷ್ಟಿವೆ, ಅವನ್ನು ಮೊದಲು ನೋಡಲೇಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 47.8ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಥೈರಾಯ್ಡ್, ಸಕ್ಕರೆ ಕಾಯಿಲೆ, ಕ್ಷಯ, ಬಿ12 ಕೊರತೆ, ಖಿನ್ನತೆ ಇವೆಲ್ಲವೂ ಸುಸ್ತಾಗಿಯೇ ಶುರುವಾಗಬಹುದು. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆ ಫ್ಲೋರೈಡ್ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದವರಿಗೆ ಕೀಲು ಬಿಗಿತ, ಮೂಳೆ ನೋವು ಬರುತ್ತದೆ. ಅದನ್ನೂ ಜನ ಸುಸ್ತು ಎಂದೇ ಹೇಳುತ್ತಾರೆ. ಇವಕ್ಕೆಲ್ಲ ಮದ್ದೋ ದಾರಿಯೋ ಇದೆ. ಹಾಗಾಗಿ ಇವನ್ನು ನೋಡದೆ ಎಂಇ/ಸಿಎಫ್‌ಎಸ್ ಎನ್ನುವುದು ತಪ್ಪು.

ಎರಡನೆಯದು, ಹೆಂಗಸರ ಬದುಕು. 2005ರಲ್ಲಿ ಪ್ರಕಟವಾದ ಗೋವಾದ ಒಂದು ಸಮೀಕ್ಷೆಯಲ್ಲಿ 18ರಿಂದ 50 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 12 ಮಂದಿ ಆರು ತಿಂಗಳಿಗೂ ಮೀರಿದ ಸುಸ್ತು ಹೇಳಿಕೊಂಡರು. ಅದಕ್ಕೂ ಹಿಮೋಗ್ಲೋಬಿನ್‌ಗೂ ನಂಟು ಕಾಣಲಿಲ್ಲ. ಬಡತನ, ಗಂಡನ ಬೈಗುಳ ಮತ್ತು ಹಿಂಸೆ, ಮನಸ್ಸಿನ ನೋವುಗಳ ಜೊತೆ ಕಂಡಿತು. ಆ ಹೆಂಗಸರಿಗೆಲ್ಲ ಎಂಇ/ಸಿಎಫ್‌ಎಸ್ ಇತ್ತು ಎಂದಲ್ಲ. ಸುಸ್ತು ಎಂಬ ಒಂದು ಮಾತಿನ ಹಿಂದೆ ಎಷ್ಟೆಲ್ಲ ಸೇರಿಕೊಂಡಿರುತ್ತದೆ ಎನ್ನುವುದಕ್ಕೆ ಅದು ಸಾಕ್ಷಿ.

ಮೂರನೆಯದು, ಬಾಟ್ಲು. ಸುಸ್ತು ಎಂದರೆ ಗ್ಲೂಕೋಸ್ ಹಾಕಿಸಿಕೊಂಡು ಬರುವುದು ನಮ್ಮಲ್ಲಿ ರೂಢಿ. 500 ಮಿಲಿಯ ನೂರಕ್ಕೆ 5ರ ಗ್ಲೂಕೋಸ್ ಬಾಟ್ಲಿನಲ್ಲಿ ಇರುವುದು 25 ಗ್ರಾಂ ಗ್ಲೂಕೋಸ್, ಐದಾರು ಚಿಕ್ಕ ಚಮಚ ಸಕ್ಕರೆಯಷ್ಟು. ಎರಡು ಗಂಟೆ ಮಲಗಿ ಎದ್ದದ್ದಕ್ಕೆ ಹಾಯೆನಿಸಿದರೂ ಕಾಯಿಲೆ ಇದ್ದಲ್ಲೇ ಇರುತ್ತದೆ, ಅದು ಯಾವುದೆಂದು ಹುಡುಕುವುದೂ ಮುಂದಕ್ಕೆ ಹೋಗುತ್ತದೆ.

ಡಾಕ್ಟರ ಮುಂದೆ ಏನು ಹೇಳಬೇಕು

"ತುಂಬಾ ಸುಸ್ತು ಸಾರ್" ಎಂದರೆ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ಯಾವ ತಿಂಗಳಲ್ಲಿ ಯಾವ ಜ್ವರ ಬಂತು, ಮೊದಲು ಏನು ಮಾಡುತ್ತಿದ್ದಿರಿ, ಈಗ ಏನು ಆಗುತ್ತಿಲ್ಲ, ಕೆಲಸ ಮಾಡಿದ ಮಾರನೇ ದಿನ ಮತ್ತು ಅದರ ಮಾರನೇ ದಿನ ಹೇಗಿರುತ್ತದೆ, ನಿಂತಾಗ ಏನಾಗುತ್ತದೆ, ಎದ್ದಾಗ ನಿದ್ದೆಯಾದ ಹಾಗಿದೆಯೇ, ಇಷ್ಟನ್ನು ಹೇಳಿ. ಹಾಳೆಯಲ್ಲಿ ಬರೆದುಕೊಂಡು ಹೋದರೆ ಇನ್ನೂ ಒಳ್ಳೆಯದು, ಯಾಕೆಂದರೆ ಈ ಕಾಯಿಲೆಯಲ್ಲಿ ಹೇಳಬೇಕಾದ್ದು ಅಲ್ಲೇ ಮರೆತುಹೋಗುತ್ತದೆ. ತೂಕ ಇಳಿಯುವುದು, ರಾತ್ರಿ ಬೆವರು, ಬಿಡದ ಕೆಮ್ಮು, ಏದುಸಿರು, ಎದೆ ನೋವು ಇದ್ದರೆ ಕಾಯದೆ ತೋರಿಸಿ. ಅವು ಬೇರೆ ಕಾಯಿಲೆಯ ಸೂಚನೆ.

ಅತ್ತಿಗೆಯ ವಿಷಯದಲ್ಲೂ ಕೆಲಸಕ್ಕೆ ಬಂದದ್ದು ಆ ಮಾರನೇ ದಿನದ ವಿವರವೇ. ಮೂರು ಕಡೆ ರಿಪೋರ್ಟೆಲ್ಲ ನಾರ್ಮಲ್ ಎಂದು ಕಳಿಸಿದ್ದರು. ನಾಲ್ಕನೆಯವರು ಹಳೆಯ ರಿಪೋರ್ಟುಗಳನ್ನು ಪಕ್ಕಕ್ಕಿಟ್ಟು ಕೇಳಿದ ಮೊದಲ ಪ್ರಶ್ನೆ: "ಕೆಲಸ ಮಾಡಿದ ದಿನ ಬಿಡಿ, ಮಾರನೇ ದಿನ ಹೇಗಿರುತ್ತೆ ಹೇಳಿ." ದೊಡ್ಡಮ್ಮ ಅಲ್ಲೇ ಕೂತಿದ್ದರು. ಉತ್ತರ ಕೊಟ್ಟದ್ದು ಅವರೇ, ಸೊಪ್ಪು ಕುಯ್ದ ದಿನದಿಂದ ತಲೆ ಬಾಚಲಾಗದ ದಿನದವರೆಗೆ ಒಂದೊಂದನ್ನೂ ಬಿಡದೆ.

ಕೂಲಿ ಮಾಡುವವರಿಗೆ ವಿಶ್ರಾಂತಿ ತಗೊಳ್ಳಿ ಎನ್ನುವುದು ಅವತ್ತಿನ ಕೂಲಿ ಬಿಡಿ ಎಂದ ಹಾಗೆ. ಅತ್ತಿಗೆಗೆ ಮನೆಯದೇ ತೋಟ ಇರುವುದರಿಂದ ಸ್ವಲ್ಪ ಅನುಕೂಲವಾಯಿತು. ಹುಳು ಮನೆಯಲ್ಲಿ ಈಗ ಒಂದು ಸ್ಟೂಲ್ ಇದೆ, ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲ್ ಗುರುತುಗಳಿವೆ: ಚೆನ್ನಾಗಿದ್ದ ದಿನಕ್ಕೆ ಗೆರೆ, ಬಿದ್ದ ದಿನಕ್ಕೆ ಸೊನ್ನೆ. ಸೊಪ್ಪು ಕುಯ್ಯುವುದು ಅಣ್ಣ, ಕೂತು ಹಾಸುವುದು ಅತ್ತಿಗೆ. ಮೊಬೈಲಿನಲ್ಲಿ ಇಪ್ಪತ್ತು ನಿಮಿಷಕ್ಕೆ ಅಲಾರಂ ಹೊಡೆದರೆ ಕೈಯಲ್ಲಿರುವ ಕಡ್ಡಿಯನ್ನು ಅಲ್ಲೇ ಇಟ್ಟು ಏಳುತ್ತಾರೆ, ಸಾಲು ಮುಗಿದಿರಲಿ ಬಿಡಲಿ. ಉಳಿದದ್ದನ್ನು ದೊಡ್ಡಮ್ಮ ಹಾಸುತ್ತಾರೆ. ಈ ಬೆಳೆಗೆ ನೂರೈವತ್ತು ಮೊಟ್ಟೆಯ ಬದಲು ಐವತ್ತು ಮೊಟ್ಟೆಯ ಹುಳು ತಂದಿದ್ದಾರೆ.